ಕೊರಳಲ್ಲಿದ್ದ ಕೊಳ

ಕಳೆದುಹೋಗಬಾರದು ಅನ್ನಿಸಿದ್ದನ್ನೆಲ್ಲ ಸೀಟಿ ಮಾಮ ಕೊರಳಿಗೆ ಹಾಕಿಕೊಳ್ಳುತ್ತಿದ್ದ. ನಗರಸಭೆಯ ಈಜುಕೊಳ ನೋಡಿಕೊಳ್ಳುವ ಕೆಲಸ ಅವನದು. ಸೇರಿದ ಹೊಸತರಲ್ಲಿ ಕ್ಲೋರಿನ್ ಕೋಣೆಯ ಬೀಗದ ಕೈ ಕಳೆದುಕೊಂಡು, ಬಾಗಿಲು ಒಡೆಸಿ, ಮೇಲಿನವರಿಂದ ಚೆನ್ನಾಗಿ ಉಗಿಸಿಕೊಂಡಿದ್ದ. ಅಂದೇ ಒಂದು ಗಟ್ಟಿ ನೈಲಾನ್ ದಾರ ತಂದು ಹೊಸ ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡ. ಆಮೇಲೆ ಆ ದಾರಕ್ಕೆ ಸೀಟಿ ಸೇರಿತು, ಓದುವ ಕನ್ನಡಕ ಸೇರಿತು, ಪಂಪ್ ರೂಮಿನ ಬೀಗದ ಕೈ ಸೇರಿತು, ಒಂದು ಪುಟ್ಟ ಟಾರ್ಚೂ ಸೇರಿತು. ಅವನು ನಡೆದರೆ ಅಂಗಿಯೊಳಗಿಂದ ಚಮಚ ತೊಳೆಯುವ ಸದ್ದು ಬರುತ್ತಿತ್ತು. ಸ್ನಾನಕ್ಕೂ ಅದನ್ನು ತೆಗೆಯುವುದಿಲ್ಲ, ಮಲಗುವಾಗಲೂ ತೆಗೆಯುವುದಿಲ್ಲ.

"ನಾನು ಮದುವೆಯಾಗಿದ್ದು ಮನುಷ್ಯನನ್ನೋ, ಬೀಗದ ಅಂಗಡಿಯನ್ನೋ?" ಎಂದು ಹೆಂಡತಿ ಕೇಳುತ್ತಿದ್ದಳು. ಹಾಗೆ ಕೇಳುವುದಕ್ಕೂ ಅವಳಿಗೆ ಪುರುಸೊತ್ತು ಕಡಿಮೆ. ಕೊಳದ ಎದುರಿಗೇ ಇದ್ದ ದೊಡ್ಡಾಸ್ಪತ್ರೆಯಲ್ಲಿ ಅವಳು ನರ್ಸ್. ಅವನು ಮನೆಗೆ ಬರುವ ಹೊತ್ತಿಗೆ ಅವಳು ಡ್ಯೂಟಿಗೆ ಹೊರಟಿರುತ್ತಿದ್ದಳು. ಅವಳು ಬರುವ ಹೊತ್ತಿಗೆ ಅವನು ಚಪ್ಪಲಿ ಮೆಟ್ಟುತ್ತಿರುತ್ತಿದ್ದ. ಮದುವೆಯಾದ ಹೊಸತರಲ್ಲಿ, "ನಿನಗೆ ಈಜು ಕಲಿಸ್ತೀನಿ ಕಣೇ" ಎಂದು ಅವನು ಮಾತು ಕೊಟ್ಟಿದ್ದ. ಊರಿನ ಅರ್ಧ ಜನಕ್ಕೆ ಈಜು ಕಲಿಸಿದ ಮಾಮ ತನ್ನ ಹೆಂಡತಿಗೆ ಮಾತ್ರ ಕಲಿಸಿರಲಿಲ್ಲ. ಇಬ್ಬರಿಗೂ ಒಟ್ಟಿಗೆ ಬಿಡುವು ಸಿಕ್ಕಿದ್ದರೆ ತಾನೆ?

ಕೊಳದ ನೀರು ಬಿಸಿ ಮಾಡುವ ಹೀಟರ್ ಕೆಟ್ಟು ವರ್ಷಗಳಾಗಿದ್ದವು. ತಣ್ಣೀರಿಗೆ ಹೆದರಿ ಜನ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಕೊನೆಗೆ ಉಳಿದವರು ನಿವೃತ್ತ ಟೀಚರಮ್ಮ ಒಬ್ಬರೇ. ಅವರು ಎಂಥ ಚಳಿಯಲ್ಲೂ ಬಂದು, ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಈಜಿ, ಮೇಲೆ ಬಂದು, "ನೀರು ಶಿಸ್ತಾಗಿದೆ" ಎಂದು ಸರ್ಟಿಫಿಕೇಟ್ ಕೊಟ್ಟು ಹೋಗುತ್ತಿದ್ದರು. ಒಬ್ಬ ಟೀಚರಮ್ಮನಿಗಾಗಿ ಅಷ್ಟು ದೊಡ್ಡ ಕೊಳ ತುಂಬಿಸಿಡುವುದು ನಗರಸಭೆಯ ಕಣ್ಣು ಕುಕ್ಕತೊಡಗಿತು. ಕೊಳಕ್ಕೆ ಮಣ್ಣು ತುಂಬಿಸಿ ಕಾರು ನಿಲ್ಲಿಸುವ ಜಾಗ ಮಾಡೋಣ ಎಂಬ ಮಾತು ಹುಟ್ಟಿತು.

"ನಿಮ್ಮ ಕೆಲಸ ಎಲ್ಲೂ ಹೋಗಲ್ಲ ಬಿಡ್ರೀ" ಎಂದು ಸಾಹೇಬರು ಮಾಮನಿಗೆ ಸಮಾಧಾನ ಹೇಳಿದರು. ನಗರಸಭೆಯಲ್ಲಿ ಕೊಳ, ಪಾರ್ಕು, ಸ್ಮಶಾನ ಎಲ್ಲ ಅವರ ಕೈಕೆಳಗೇ ಬರುತ್ತಿದ್ದವು. "ಕಾರು ಹಿಂದೆ ಮುಂದೆ ತಗೊಳ್ಳೋವಾಗಲೂ ಸೀಟಿ ಊದೋರು ಒಬ್ಬರು ಬೇಕಲ್ಲ."

ಮಾಮ ಕೊರಳ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಮುಳುಗುವವರನ್ನು ಎತ್ತಿದ ಸೀಟಿ ಅದು. ಅದನ್ನು ಬಂಪರಿಗೆ ಬಂಪರ್ ತಾಗದಂತೆ ಊದುವುದೆಂದರೆ! ಸಂಬಳ ಬಂದರೆ ಬರಲಿ, ಕೊಳ ಹೋದಮೇಲೆ ತಾನು ಯಾವನು? ಅವನು ಜೀವನದಲ್ಲಿ ಮೊದಲ ಬಾರಿಗೆ ಸಾಹೇಬರ ಮೇಜಿನ ಮುಂದೆ ಗಟ್ಟಿ ದನಿ ತೆಗೆದ.

"ಒಂದು ಹೀಟರ್ ಕೊಡಿಸಿ ಸಾಹೇಬ್ರೇ. ಜನ ತಾವಾಗೇ ಬರ್ತಾರೆ."

ಸಾಹೇಬರು ಕಣ್ಣು ಮುಚ್ಚಿ ಯೋಚಿಸಿದರು. ಅವರು ಯೋಚಿಸಿದಾಗಲೆಲ್ಲ ಊರಿಗೆ ಏನಾದರೊಂದು ಕಾದಿರುತ್ತಿತ್ತು.

"ಜನ ಯಾಕೆ ಬರ್ತಿಲ್ಲ? ನೀರು ತಣ್ಣಗಿದೆ ಅಂತ. ತಣ್ಣಗಿದೆ ಅಂತ ಮನೇಲಿ ಕೂತೋರಿಗೆ ಹೇಗ್ರೀ ಗೊತ್ತು? ಊಹೆ! ಅವರಿಗೆ ಸರಿಯಾದ ಮಾಹಿತಿ ಇಲ್ಲ. ನಾವು ಮಾಹಿತಿ ಕೊಡೋಣ. ತಿಂಗಳ ಕೊನೇಲಿ ನಾನೇ ಬಂದು ನೋಡ್ತೀನಿ. ಜನ ಇದ್ರೆ ಕೊಳ ಇರುತ್ತೆ, ಇಲ್ಲದಿದ್ರೆ ಮಣ್ಣು."

ಹೀಟರ್ ಕೇಳಿದವನಿಗೆ ಥರ್ಮಾಮೀಟರ್ ಬಂತು. ಬಿಸ್ಕತ್ತಿನಷ್ಟು ದೊಡ್ಡ ಬಿಳಿ ಬಿಲ್ಲೆ. ನೀರಿಗೆ ಬಿದ್ದರೂ ಕೆಡುವುದಿಲ್ಲ. ಒಳಗೇ ಸಿಮ್ ಇದೆ. ಎಲ್ಲಿದ್ದರೂ ನಿಮಿಷಕ್ಕೊಮ್ಮೆ, ತನಗೆ ತಾಗಿರುವುದು ಎಷ್ಟು ಬಿಸಿ ಎಂದು ಅದು ತನ್ನ ಕಂಪನಿಗೆ ಹೇಳುತ್ತದೆ. ಕಂಪನಿಯವರು ಆ ಅಂಕಿಯನ್ನು ತಮ್ಮ ಎಪಿಐಯಲ್ಲಿ ಇಡುತ್ತಾರೆ. ಅಲ್ಲಿಂದ ಅದನ್ನು ಎಳೆದು ತಂದು ಜನರಿಗೆ ತೋರಿಸುವ ಒಂದು ವೆಬ್ ಪುಟ ಮಾಡಬೇಕು. "ಅಷ್ಟೇ ತಾನೆ, ನೀವೇ ಮಾಡಿಬಿಡಿ" ಎಂದು ಸಾಹೇಬರು ಕೈ ತೊಳೆದುಕೊಂಡರು.

ಮಾಮ ಪಂಪ್ ರೂಮಿನ ಹಳೇ ಕಂಪ್ಯೂಟರಿನ ಧೂಳು ಒರೆಸಿ ಕೂತ. ಎಪಿಐ ಎಂದರೇನೆಂದು ವಿಡಿಯೋಗಳಲ್ಲಿ ನಾಲ್ಕಾರು ಜನ ನಾಲ್ಕಾರು ಥರ ಹೇಳಿದರು. ಅವನಿಗೆ ಅರ್ಥವಾದದ್ದು ಇಷ್ಟು: ಅದೊಂದು ಕಚೇರಿಯ ಕಿಟಕಿ. ಸರಿಯಾದ ವಿಳಾಸಕ್ಕೆ ಹೋಗಿ, ಅವರು ಕೊಟ್ಟ ಗುಟ್ಟಿನ ಕೀ ತೋರಿಸಿ, ಕೇಳಬೇಕಾದ ರೀತಿಯಲ್ಲಿ ಕೇಳಿದರೆ ಒಳಗಿನಿಂದ ಉತ್ತರ ಕೊಡುತ್ತಾರೆ. ಮುಖ ನೋಡುವುದಿಲ್ಲ, ನಾಳೆ ಬಾ ಎನ್ನುವುದಿಲ್ಲ, ಊಟಕ್ಕೆ ಹೋಗಿದ್ದಾರೆ ಎನ್ನುವುದಿಲ್ಲ. ಅಂಥ ಕಿಟಕಿ ನಗರಸಭೆಯಲ್ಲಿ ಒಂದೇ ಒಂದು ಇದ್ದಿದ್ದರೆ ಹೀಟರ್ ಯಾವತ್ತೋ ಬಂದಿರುತ್ತಿತ್ತು ಎಂದು ಅವನ ಹೊಟ್ಟೆ ಉರಿಯಿತು.

ಪುಟದ ಮೇಲುಮೇಲಿನ ಕೆಲಸ ಸುಲಭವಾಗಿಯೇ ಆಯಿತು. ಕೊಳದ ಟೈಲಿನ ನೀಲಿ ಬಣ್ಣ ಬಳಿದ. ಮೇಲೆ 'ನಮ್ಮ ಕೊಳದ ನೀರು ಈಗ' ಎಂದು ದೊಡ್ಡಕ್ಷರದಲ್ಲಿ ಬರೆದ. ಕೆಳಗೆ ಅಂಕಿ ಬಂದು ಕೂರಲು ಜಾಗ ಖಾಲಿ ಬಿಟ್ಟ. ಆದರೆ ಅಂಕಿ ಬರಬೇಕಲ್ಲ. ಮೊದಲು, ಕೀ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದು ಕಿಟಕಿ ಗದರಿತು. ಕೀ ಹಾಕಿದರೆ, ಅಂಕಿ ಕೂರಬೇಕಾದ ಜಾಗದಲ್ಲಿ 'ಪ್ರಾಮಿಸ್' ಎಂಬ ಇಂಗ್ಲಿಷ್ ಪದ ಬಂದು ಕೂತಿತು. ಆಶ್ವಾಸನೆ ಕೊಡಲು ನಮ್ಮ ಕಚೇರಿ ಸಾಲದೆಂದು ಈ ಕಂಪನಿ ಬೇರೆ ಎಂದು ಮಾಮ ಹಲ್ಲು ಕಡಿದ. ಆಮೇಲೆ ವಿಡಿಯೋ ನೋಡಿ ತಿಳಿಯಿತು, ತಪ್ಪು ತನ್ನದೇ. ಕಿಟಕಿಯಲ್ಲಿ ಕೇಳಿದ ಮೇಲೆ ಉತ್ತರ ಬರುವ ತನಕ ಕಾಯಬೇಕು. ಇವನ ಪುಟ ಕೇಳಿದ್ದೇ ತಡ, ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿಬರುತ್ತಿತ್ತು. ಕಾಯಿಸುವುದು ಮಾಮನಿಗೆ ಹೇಳಿಕೊಡಬೇಕೆ? ಈಜಲು ಬಂದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಾಯಿಸಿಯೇ ಅವನ ಕೂದಲು ನೆರೆತದ್ದು. ಕಾಯಬೇಕೆಂಬ ಒಂದು ಪದ ಸೇರಿಸಿದ. ಈಗ 'ಅನ್‌ಡಿಫೈನ್ಡ್' ಎಂದು ಬಂತು, ಕೇಳಿದ್ದು ಇಲ್ಲಿಲ್ಲ ಎಂಬಂತೆ. ಬಂದ ಉತ್ತರವನ್ನು ಬಿಚ್ಚಿ ನೋಡಿದರೆ ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಇನ್ನೊಂದು ಡಬ್ಬಿ. ಅಂಕಿ ತೀರಾ ಒಳಗಿನ ಡಬ್ಬಿಯಲ್ಲಿ ಬೆಚ್ಚಗೆ ಕೂತಿತ್ತು. ಇವನು ಹೊರಗಿನ ಡಬ್ಬಿಯಲ್ಲೇ ಕೈಯಾಡಿಸಿ ಏನೂ ಇಲ್ಲ ಎನ್ನುತ್ತಿದ್ದ.

ಇಷ್ಟು ದಿನವೂ ಬಿಲ್ಲೆ ಅವನ ಹತ್ತಿರವೇ ಇತ್ತು. ಅಂಕಿ ಬದಲಾಗುತ್ತದೋ ನೋಡಲು ಅದನ್ನು ಮುಷ್ಟಿಯಲ್ಲಿ ಹಿಡಿಯುವುದು, ಅದರ ಮೇಲೆ ಊದುವುದು, ಮತ್ತೆ ಟೈಪು ಮಾಡಲು ಎರಡೂ ಕೈ ಬೇಕಾದಾಗ ಕಳೆದುಹೋಗದಿರಲಿ ಎಂದು ಕೊರಳ ದಾರಕ್ಕೆ ಸಿಕ್ಕಿಸಿ ಅಂಗಿಯೊಳಗೆ ಬಿಡುವುದು. ಕೊನೆಗೊಂದು ಮಧ್ಯಾಹ್ನ ನೀಲಿ ಪುಟದ ನಡುವೆ 34 ಎಂಬ ಅಂಕಿ ಮೂಡಿತು. ಮಾಮ ಖುಷಿಗೆ ಸೀಟಿ ಊದಿಬಿಟ್ಟ. ನೀರಲ್ಲಿದ್ದ ಟೀಚರಮ್ಮ ಟೈಮಾಯಿತೆಂದು ಎದ್ದು ಮನೆಗೆ ಹೋದರು.

ಆ ಖುಷಿಯಲ್ಲಿ ಬಿಲ್ಲೆಯನ್ನು ನೀರಿಗೆ ಇಳಿಬಿಡುವುದನ್ನು ಮಾಮ ಮರೆತ. ಕೊರಳಿಗೆ ಹಾಕಿಕೊಂಡದ್ದೆಂದರೆ ಅವನ ಪಾಲಿಗೆ ಜೋಪಾನವಾದ ಹಾಗೆ. ಜೋಪಾನವಾದದ್ದರ ಬಗ್ಗೆ ಅವನು ಮತ್ತೆ ಯೋಚಿಸುವವನಲ್ಲ. ಬಿಲ್ಲೆ ಕಟ್ಟಲೆಂದು ಕೊಳದ ಮೂಲೆಯಲ್ಲಿ ಮೊದಲೇ ಒಂದು ಹಗ್ಗ ಇಳಿಬಿಟ್ಟಿದ್ದ. ಆ ಹಗ್ಗ ಕಂಡಾಗಲೆಲ್ಲ ಬಿಲ್ಲೆ ಅದರ ತುದಿಯಲ್ಲೇ ಇದೆ ಎಂದು ನಂಬಿದ. ಹೀಗೆ ಊರಿನ ಕೊಳದ ಹೆಸರಲ್ಲಿ ಸೀಟಿ ಮಾಮನ ಮೈಬಿಸಿ ಇಂಟರ್‌ನೆಟ್ಟಿಗೆ ಹೋಯಿತು.

ಮೂವತ್ತನಾಲ್ಕು! ಸ್ನಾನದ ಮನೆಯ ಹದ. ಮೊದಲ ದಿನ ಹತ್ತಾರು ಜನ ಬಂದರು. ನೀರಿಗೆ ಕಾಲಿಟ್ಟಾಗ ಮುಖ ಸ್ವಲ್ಪ ಹುಳ್ಳಗಾಯಿತು ನಿಜ. ಆದರೆ ಬಟ್ಟೆ ಬದಲಿಸುವ ಕೋಣೆಯ ಪಕ್ಕದ ಟಿವಿಯಲ್ಲಿ ಮಾಮನ ಪುಟ ಎದ್ದು ಕಾಣುತ್ತಿತ್ತು. ಅದನ್ನೊಮ್ಮೆ ನೋಡಿ, ನೀರನ್ನೊಮ್ಮೆ ನೋಡಿ, ತಮ್ಮ ಚರ್ಮಕ್ಕೇ ಏನೋ ಆಗಿದೆ ಎಂದುಕೊಂಡು ಎಲ್ಲರೂ ಇಳಿದರು. ಇಳಿದವರು "ಆಹಾ" ಎಂದರು. ಒಬ್ಬರು ಆಹಾ ಎಂದ ಮೇಲೆ ಪಕ್ಕದವರು ಅಯ್ಯೋ ಎನ್ನಲು ಬರುತ್ತದೆಯೆ? ಮರುದಿನ ಮಂಡಿನೋವಿನವರು ಬಂದರು. ಆಮೇಲೆ ಬೆನ್ನುನೋವಿನವರು, ನಿದ್ದೆ ಬಾರದವರು, ಮನೆಯಲ್ಲಿ ಬಿಸಿನೀರಿಗೆ ಜಗಳವಾಡಿದವರು. ಒಬ್ಬಾತ ಸೋಪು ತಂದಿದ್ದ. ಹಲ್ಲು ಕಟಕಟ ಎನ್ನುತ್ತಿದ್ದ ಒಬ್ಬರು, "ಬಿಸಿ ಒಳಗೊಳಗೇ ಇಳೀತಾ ಇದೆ" ಎಂದು ಪಕ್ಕದವರಿಗೆ ವಿವರಿಸುತ್ತಿದ್ದರು. ಇಂಥ ಜನ ಯಾವ ಊರಲ್ಲಿಲ್ಲ ಹೇಳಿ.

ಟೀಚರಮ್ಮ ಮಾತ್ರ ಸಿಡಿಮಿಡಿಗೊಂಡರು. "ಇಷ್ಟು ವರ್ಷ ಗಟ್ಟಿಯಾಗಿದ್ದೆ. ಈ ಬಿಸಿನೀರಲ್ಲಿ ಮೈಯೆಲ್ಲ ಸಡಿಲ ಆಗ್ತಿದೆ. ಏನ್ ಮಾಡಿದ್ರಿ ನನ್ನ ಕೊಳಕ್ಕೆ?" ಎಂದು ಮಾಮನನ್ನು ತರಾಟೆಗೆ ತೆಗೆದುಕೊಂಡರು.

ಮಾಮನೂ ದಿನವೂ ಬೆರಳು ಅದ್ದಿ ನೋಡುತ್ತಿದ್ದ. ನೀರು ಹಿಂದಿನಂತೆಯೇ ಕೊರೆಯುತ್ತಿತ್ತು. ಊರಿಗೆಲ್ಲ ಬಿಸಿಯಾದದ್ದು ತನಗೊಬ್ಬನಿಗೆ ತಣ್ಣಗಿದೆಯೆಂದರೆ ತನ್ನ ಬೆರಳಿಗೇ ವಯಸ್ಸಾಗಿರಬೇಕು ಎಂದುಕೊಂಡು ಕಾಲುಚೀಲ ಹಾಕಲು ಶುರುಮಾಡಿದ.

ಗುಟ್ಟು ರಟ್ಟಾದದ್ದು ಮನೆಯಲ್ಲಿ. ಅವತ್ತು ಹೆಂಡತಿಗೆ ರಜೆ. ಮಾಮ ಸ್ನಾನಕ್ಕೆ ಹೋಗಿದ್ದ. ಗಂಡ ಮಾಡಿದ ಪುಟವೆಂಬ ಹೆಮ್ಮೆಗೆ ಅವಳು ಅಡುಗೆಮನೆಯಲ್ಲಿ ನಿಂತು ಅದನ್ನು ಮೊಬೈಲಿನಲ್ಲಿ ನೋಡುತ್ತಿದ್ದಳು. ಮೂವತ್ತೈದಿದ್ದದ್ದು ಮೂವತ್ತೊಂಬತ್ತಾಯಿತು, ನಲವತ್ತೆರಡಾಯಿತು. ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ಅಂಕಿ ಮೆಲ್ಲಗೆ ಇಳಿದು ಮತ್ತೆ ಮೂವತ್ತೈದಕ್ಕೆ ಬಂದು ಕೂತಿತು. ಅವಳು ಹುಬ್ಬು ಗಂಟಿಕ್ಕಿದಳು.

"ರೀ, ಇನ್ನೊಂದ್ಸಲ ಒಳಗೆ ಹೋಗಿ ಎರಡು ಚೊಂಬು ಬಿಸಿನೀರು ಹಾಕ್ಕೊಳ್ಳಿ."

"ಯಾಕೆ, ಕಿವಿ ಹಿಂದೆ ಸೋಪು ಉಳಿದಿದ್ಯಾ?"

"ಹೇಳಿದಷ್ಟು ಮಾಡಿ."

ಅವನು ಹೋಗಿ ಹಾಕಿಕೊಂಡ. ನಲವತ್ತು. ಅವಳು ಬಂದು ಅವನ ಕೊರಳ ದಾರಕ್ಕೆ ಕೈಹಾಕಿ ಒಂದೊಂದಾಗಿ ಎಳೆದಳು. ಸೀಟಿ ಬಂತು, ಬೀಗದ ಕೈಗಳು ಬಂದವು, ಟಾರ್ಚು ಬಂತು, ಕೊನೆಯಲ್ಲಿ ಬಿಳಿ ಬಿಲ್ಲೆ ಬಂತು.

"ಇಷ್ಟು ದಿನ ಊರೋರೆಲ್ಲ ಈಜ್ತಾ ಇರೋದು ನಿಮ್ಮ ಬನೀನಿನೊಳಗೆ" ಎಂದಳು.

ಮಾಮ ಅಂಗಿ ಗುಂಡಿಯನ್ನೂ ಹಾಕದೆ ಕೊಳಕ್ಕೆ ಓಡಿ ಬಿಲ್ಲೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಅಷ್ಟು ಮಾಡಿ ಉಸಿರು ಬಿಡುವುದರೊಳಗೆ ಟಿವಿಯಲ್ಲಿ 22 ಬಂತು. ಒಬ್ಬರು ಅದನ್ನು ನೋಡಿ ಕಿಟಾರನೆ ಕಿರುಚಿದರು. ಅದುವರೆಗೂ ಗುನುಗುತ್ತಾ ತೇಲುತ್ತಿದ್ದವರೆಲ್ಲ ಮೈ ಮುದುಡಿಕೊಂಡು ಕಾಲಿಗೆ ಬುದ್ಧಿ ಹೇಳಿದರು. ಟವೆಲ್ಲಿಗೆ ನೂಕುನುಗ್ಗಲಾಯಿತು. ಕೊಳದಲ್ಲಿ ಟೀಚರಮ್ಮ ಒಬ್ಬರೇ ಉಳಿದು, "ಈಗ ಸರಿಯಾಯ್ತು ನೋಡಿ" ಎಂದರು. ಖಾಲಿ ಕೊಳದ ತುಂಬ ಸಾಲು ಸಾಲಾಗಿ ಕಾರುಗಳು ನಿಂತಂತೆ ಮಾಮನ ಕಣ್ಣಿಗೆ ಕಟ್ಟಿತು. ಅವನು ಯಾರಿಗೂ ಕಾಣದಂತೆ ಬಗ್ಗಿ ಬಿಲ್ಲೆಯನ್ನು ಮೇಲಕ್ಕೆಳೆದು, ಒರೆಸಿ, ಮತ್ತೆ ಕೊರಳಿಗೆ ಹಾಕಿಕೊಂಡ. ಅಂಕಿ ಏರಿದಂತೆ ಜನ ಒಬ್ಬೊಬ್ಬರಾಗಿ ಮತ್ತೆ ನೀರಿಗಿಳಿದರು.

"ಸುಳ್ಳು ಹೇಳಿ ಅಭ್ಯಾಸ ಇಲ್ಲ ಕಣೇ. ಎದೆ ಡವಡವ ಅನ್ನುತ್ತೆ" ಎಂದು ಹೆಂಡತಿಯ ಹತ್ತಿರ ಹೇಳಿಕೊಂಡ.

"ನೀವೆಲ್ಲಿ ಬಾಯಿಬಿಟ್ಟು ಸುಳ್ಳು ಹೇಳಿದ್ರಿ? ಸುಮ್ನೆ ಉಸಿರಾಡ್ತಾ ಇದ್ದೀರಿ ಅಷ್ಟೆ" ಎಂದಳು ಅವಳು. "ಸಾಹೇಬ್ರು ಬಂದು ನೋಡ್ಕೊಂಡು ಹೋಗೋವರೆಗೂ ಅದು ಕೊರಳಲ್ಲೇ ಇರ್ಲಿ. ನೀರಿಗೆ ಮಾತ್ರ ಬಿಡಬೇಡಿ. ಮಾತು ಕೊಡಿ." ಅವನು ಮಾತು ಕೊಟ್ಟ.

ಆಮೇಲೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ವಾರ್ಡಿನಲ್ಲಿದ್ದಾಗ ಹೆಂಡತಿ ಆಗಾಗ ಪುಟ ತೆರೆದು ನೋಡತೊಡಗಿದಳು. ಊರಿಗೆ ಅದು ಕೊಳ, ಅವಳಿಗೊಬ್ಬಳಿಗೆ ಗಂಡ. ಮಧ್ಯಾಹ್ನ ಮಾಮನ ಫೋನು ಬಡಿದುಕೊಳ್ಳುತ್ತಿತ್ತು. "ಬಿಸಿಲಲ್ಲಿ ನಿಂತಿದ್ದೀರಾ? ಮೂವತ್ತೇಳು ತೋರಿಸ್ತಿದೆ. ನೆರಳಿಗೆ ಹೋಗಿ." ಇನ್ನೊಂದು ದಿನ, "ಫ್ಯಾನ್ ಕೆಳಗೆ ನಿದ್ದೆ ಹೊಡೀತಿದ್ದೀರಲ್ಲ? ಮೂವತ್ತೆರಡಕ್ಕೆ ಬಂದಿದೆ. ಜನ ಎದ್ದು ಹೋಗ್ತಾರೆ, ಏಳಿ." ಇಷ್ಟು ವರ್ಷ, ಗ್ಯಾಸ್ ಮುಗಿದರೆ, ಹಾಲು ಒಡೆದರೆ ಮಾತ್ರ ಬರುತ್ತಿದ್ದ ಫೋನು ಈಗ ದಿನಕ್ಕೆ ಮೂರು ಸಲ ಬಂದು, ಬಿಸಿಯಾಗಿದ್ದೀರಾ ತಣ್ಣಗಿದ್ದೀರಾ ಎಂದು ವಿಚಾರಿಸುತ್ತಿತ್ತು. ಮಾಮನಿಗೆ ನಾಚಿಕೆಯೂ ಆಗುತ್ತಿತ್ತು, ಹಿತವೂ ಆಗುತ್ತಿತ್ತು. ಒಮ್ಮೊಮ್ಮೆ ಬೇಕೆಂದೇ ಬಿಸಿಲಿಗೆ ಹೋಗಿ ನಿಲ್ಲುತ್ತಿದ್ದ.

ತಿಂಗಳ ಕೊನೆ ಬಂತು. ಸಾಹೇಬರು ಬರುವ ಹಿಂದಿನ ದಿನ, ಕೊಳ ಫಳಫಳ ಹೊಳೆಯಲಿ ಎಂದು ಮಾಮ ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತು ಮೆಟ್ಟಿಲಿನ ಪಾಚಿಯನ್ನೆಲ್ಲ ಕೈಯಾರೆ ಉಜ್ಜಿದ. ಅದರ ಫಲವಾಗಿ ಬೆಳಿಗ್ಗೆ ಎದ್ದಾಗ ಮೂಗು ಸೋರುತ್ತಿತ್ತು, ಮೈ ಕೆಂಡವಾಗಿತ್ತು. ಹೆಂಡತಿ ಆಗಲೇ ಡ್ಯೂಟಿಗೆ ಹೋಗಿಯಾಗಿತ್ತು. ಅವನು ಒಂದು ಮಾತ್ರೆ ನುಂಗಿ, ಕಾಲುಚೀಲ ಹಾಕಿಕೊಂಡು ಕೊಳಕ್ಕೆ ಬಂದ. ಬರುವಷ್ಟರಲ್ಲಿ ಟಿವಿಯ ಮುಂದೆ ಗುಂಪು ಸೇರಿತ್ತು. ನೀಲಿ ಪುಟದಲ್ಲಿ 39.

"ಸುಡ್ತಿದೆ! ಮೇಲೆ ಬನ್ನಿ!" ಎಂದು ಒಬ್ಬರು ಕೂಗಿದ್ದೇ ತಡ, ನೀರಲ್ಲಿದ್ದವರೆಲ್ಲ ಹಾರಿ ಹಾರಿ ದಡ ಹತ್ತಿದರು. ಒಬ್ಬಾಕೆ ತೋಳು ಚಾಚಿ ಬೊಬ್ಬೆ ಎದ್ದಿದೆ ಎಂದು ತೋರಿಸಿದಳು. ಅದು ಹುಟ್ಟುಮಚ್ಚೆ ಎಂದು ಅವಳ ಅಕ್ಕ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟು ಹೊತ್ತಿಗೆ ಸಾಹೇಬರು ಬಂದೇಬಿಟ್ಟರು. ಜನರ ಜೊತೆ ತಾವೂ ಇಳಿದು ಬೆರೆಯುವ ಉಮೇದಿನಲ್ಲಿ ಚಡ್ಡಿ ಟೋಪಿ ಎಲ್ಲ ಹಾಕಿ ಸಜ್ಜಾಗಿದ್ದರು. ಒಂದು ಕಾಲು ನೀರಿಗಿಟ್ಟು, ಟಿವಿಯತ್ತ ನೋಡಿ, ಕಾಲನ್ನು ಸರಕ್ಕನೆ ಎಳೆದುಕೊಂಡರು.

"ಏನ್ರೀ ಇದು, ಜನರನ್ನ ಬೇಯಿಸ್ತೀರಾ? ನೋಡಿ, ಪಾದ ಎಷ್ಟು ಕೆಂಪಗಾಗಿದೆ! ಹೀಟರ್ ಇಲ್ಲದೇನೇ ಇಷ್ಟು ಕುದೀತಿದೆ ಅಂದ್ರೆ ಕೆಳಗೆ ಭೂಮೀಲೇ ಏನೋ ಆಗಿದೆ. ಮುಚ್ಚಿಸಿ! ಇವತ್ತೇ ಮಣ್ಣು ಹಾಕಿಸ್ತೀನಿ."

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಮಾಮ ಬಿಲ್ಲೆಯನ್ನು ಹೊರಗೆಳೆದು ಎತ್ತಿ ಹಿಡಿದ. "ಸಾಹೇಬ್ರೇ, ನೀರು ಬಿಸಿಯಾಗಿಲ್ಲ. ಬಿಸಿ ನನ್ನದು. ನನಗೆ ಜ್ವರ. ಪುಟದಲ್ಲಿ ಬರ್ತಿರೋದು ನಾನು!"

ಸಾಹೇಬರು ಮಾಮನ ಹಣೆ ಮುಟ್ಟಿ ನೋಡಿದರು.

"ಪಾಪ, ನಿಜವಾಗ್ಲೂ ಜ್ವರ ಇದೆ. ಬಡಬಡಿಸ್ತಿದ್ದಾರೆ. ಬಿಸಿನೀರಿನ ಹಬೆ ತಲೆಗೇರಿದೆ" ಎಂದರು. ಜನ ಅಯ್ಯೋ ಪಾಪ ಎಂದರು. ಒಬ್ಬ ಮನುಷ್ಯ ತನ್ನನ್ನು ತಾನೇ ಕೊಳ ಎಂದುಕೊಳ್ಳುವಷ್ಟು ಕೆಲಸದಲ್ಲಿ ಮುಳುಗಬಾರದು ಎಂದು ಯಾರೋ ಹಿಂದಿನಿಂದ ಬುದ್ಧಿ ಹೇಳಿದರು.

ನಿಜ ಹೇಳಿದರೂ ನಡೆಯುವುದಿಲ್ಲ ಎಂದಾದ ಮೇಲೆ ಉಳಿದದ್ದು ಒಂದೇ ದಾರಿ. ಬಿಲ್ಲೆ ತಣ್ಣಗಾಗಬೇಕು. ಹೆಂಡತಿಗೆ ಕೊಟ್ಟ ಮಾತು ನೆನಪಾಯಿತು, ನೆನಪಾಗುವಷ್ಟರಲ್ಲಿ ಕಾಲು ನೆಲ ಬಿಟ್ಟಿತ್ತು. ಅಂಗಿ, ಕಾಲುಚೀಲ, ಟಾರ್ಚು ಸಮೇತ ಸೀಟಿ ಮಾಮ ಕೊಳಕ್ಕೆ ಹಾರಿದ. ಚಪ್ಪಲಿಯ ಪಕ್ಕ ಬಿಟ್ಟಿದ್ದ ಫೋನು ಆಗಲೇ ಬಡಿದುಕೊಳ್ಳುತ್ತಿತ್ತು.

ಮೂವತ್ತೊಂಬತ್ತು ಹೋಗಿ ಮೂವತ್ತನಾಲ್ಕಾಯಿತು. "ತಣೀತಾ ಇದೆ!" ಎಂದು ಜನ ಚಪ್ಪಾಳೆ ತಟ್ಟಿದರು. ಮೂವತ್ತೊಂದಾಯಿತು. ಸಾಹೇಬರ ಮುಖ ಅರಳಿತು. "ಭೇಷ್! ಪ್ರಾಣದ ಹಂಗು ತೊರೆದು ಒಳಗೆ ಏನೋ ರಿಪೇರಿ ಮಾಡ್ತಿದ್ದಾರೆ" ಎಂದು ತಾವೇ ಮೊದಲಾಗಿ ನೀರಿಗಿಳಿದರು. ಅವರ ಹಿಂದೆ ಎಲ್ಲರೂ ಇಳಿದರು. ಆದರೆ ಅಂಕಿಗೆ ನಿಲ್ಲುವುದು ಗೊತ್ತಿಲ್ಲವಲ್ಲ. ಇಪ್ಪತ್ತೆಂಟು. ಇಪ್ಪತ್ತೈದು. ಸಾಹೇಬರ ತುಟಿ ನೀಲಿಗಟ್ಟತೊಡಗಿತು. ಇಪ್ಪತ್ತೆರಡು.

ಎದುರಿನ ಆಸ್ಪತ್ರೆಯಲ್ಲಿ ಹೆಂಡತಿ ಬೆಳಿಗ್ಗೆಯಿಂದ ಆ ಮೂವತ್ತೊಂಬತ್ತನ್ನು ನೋಡಿ ಚಡಪಡಿಸುತ್ತಿದ್ದಳು. ಫೋನು ಮಾಡಿದರೆ ಅವನು ಎತ್ತುತ್ತಿಲ್ಲ. ಇನ್ನೊಮ್ಮೆ ಪುಟ ನೋಡಿದರೆ ಮೂವತ್ತೊಂದು. ಮತ್ತೆ ನೋಡಿದರೆ ಇಪ್ಪತ್ತೈದು. ಮನುಷ್ಯನ ಮೈ ಜ್ವರದಿಂದ ಇಳಿದು ಇಪ್ಪತ್ತೈದಕ್ಕೆ ಬರುವುದು ಯಾವಾಗ ಎಂದು ಅವಳು ವಾರ್ಡಿನಲ್ಲಿ ಎಷ್ಟೋ ಸಲ ಕಂಡವಳು. ಬಿಲ್ಲೆ ನೀರಿನಲ್ಲಿರಬಹುದು ಎಂದು ಅವಳಿಗೆ ಹೊಳೆಯಲೇ ಇಲ್ಲ. ನೀರಿಗೆ ಬಿಡುವುದಿಲ್ಲ ಎಂದು ಅವನು ಮಾತು ಕೊಟ್ಟಿದ್ದನಲ್ಲ. ಕೈಯಲ್ಲಿದ್ದ ಟ್ರೇಯನ್ನು ಯಾರ ಕೈಗೋ ತುರುಕಿ, ಮೆಟ್ಟಿಲಿಳಿದು, ಎರಡೂ ಕಡೆಯ ವಾಹನಗಳಿಂದ ಬೈಸಿಕೊಂಡು ರಸ್ತೆ ದಾಟಿ ಕೊಳದ ಗೇಟಿಗೆ ಬಂದಳು.

ಜನರ ನಡುವೆ ಅವಳ ಗಂಡ ಕಣ್ಣುಮುಚ್ಚಿ ಅಂಗಾತ ತೇಲುತ್ತಿದ್ದ. ಪಾಪ, ಅವನು ಮೈ ಹಗುರ ಮಾಡಿಕೊಂಡು ಸುಧಾರಿಸಿಕೊಳ್ಳುತ್ತಿದ್ದನಷ್ಟೆ.

"ರೀ!" ಎಂದು ಚೀರಿ ಅವಳು ಬಿಳಿ ಯೂನಿಫಾರ್ಮಿನಲ್ಲೇ, ಶೂ ಸಮೇತ ಹಾರಿದಳು. ಹಾರಿದ ಮೇಲೆ ನೆನಪಾಯಿತು, ತನಗೆ ಈಜು ಬರುವುದಿಲ್ಲ.

ಆ ಚೀರು ಕೇಳಿ ಮಾಮ ಕಣ್ಣುಬಿಟ್ಟ. ಎದುರಿಗೆ ಒಂದು ಬಿಳಿ ಬಟ್ಟೆಯ ಗಂಟು ಮುಳುಗುತ್ತಾ ಏಳುತ್ತಾ ಇತ್ತು. ಜ್ವರ ಎಲ್ಲಿ ಹೋಯಿತೋ! ಎರಡೇ ಬೀಸಿಗೆ ಹತ್ತಿರ ಹೋಗಿ, ಅವಳನ್ನು ಎತ್ತಿ ಹಿಡಿದು ಮೆಟ್ಟಿಲಿಗೆ ತಂದ. ತರುವಾಗಲೂ ಅವಳು ಅವನನ್ನು ತಾನೇ ಕಾಪಾಡುತ್ತಿದ್ದೇನೆಂದು ಅವನ ಅಂಗಿ ಕಾಲರು ಬಿಡಲಿಲ್ಲ. ಟೀಚರಮ್ಮ ಬಂದು ತಮ್ಮ ದೊಡ್ಡ ಟವೆಲ್ಲನ್ನು ಇಬ್ಬರ ಮೇಲೂ ಹೊದಿಸಿದರು.

"ಬದುಕಿದ್ದೀರಾ?" ಎಂದಳು. ಆಮೇಲೆ ಬೈದಳು. ಆಮೇಲೆ ಅತ್ತಳು. ಆಮೇಲೆ ಅವನನ್ನು ಎರಡೂ ಕೈಗಳಿಂದ ಬಾಚಿ ಅಪ್ಪಿಕೊಂಡಳು. ಹಾಗೆ ಅಪ್ಪಿಕೊಂಡು ಅದೆಷ್ಟು ಕಾಲವಾಗಿತ್ತೋ. ಸೀಟಿ, ಬೀಗದ ಕೈಗಳು, ಟಾರ್ಚು ಇಬ್ಬರ ಎದೆಗೂ ಚುಚ್ಚುತ್ತಿದ್ದವು. ಅವುಗಳ ಜೊತೆ ಬಿಲ್ಲೆಯೂ ಇತ್ತು.

ಟಿವಿಯಲ್ಲಿ ಅಂಕಿ ಮೆಲ್ಲಗೆ ಏಳತೊಡಗಿತು. ಇಪ್ಪತ್ತಾರು. ಇಪ್ಪತ್ತೊಂಬತ್ತು. ಗಡಗಡ ನಡುಗುತ್ತಾ ಮೆಟ್ಟಿಲು ಹತ್ತುತ್ತಿದ್ದ ಸಾಹೇಬರು ಹಾಗೇ ನಿಂತು ಹಿಂದಿರುಗಿ ನೋಡಿದರು. ಮೂವತ್ತೆರಡು. ಅವರು ಮತ್ತೆ ನೀರಿಗೆ ಜಾರಿದರು. ಜನರೂ ಜಾರಿದರು. ಮೂವತ್ತನಾಲ್ಕಕ್ಕೆ ಸಾಹೇಬರು ಅಂಗಾತ ತೇಲುತ್ತಾ ಆಹಾ ಎಂದರು.

"ಕಾರು ನಿಲ್ಲಿಸೋಕೆ ಬೇರೆ ಕಡೆ ಜಾಗ ನೋಡ್ತೀನಿ ಬಿಡ್ರೀ!" ಎಂದು ಅಲ್ಲಿಂದಲೇ ಕೂಗಿದರು. "ಇನ್ನೊಂದು ಸುತ್ತು ಹೊಡೀತೀನಿ. ಇದೇ ಹದ ಇದ್ರೆ ಕೊಳ ಉಳಿಸೋ ಕಾಗದಕ್ಕೆ ಇವತ್ತೇ ಸಹಿ ಹಾಕಿಬಿಡ್ತೀನಿ."

ಮಾಮ ಅವಳಿಗೆ ಏನೋ ಹೇಳಲೆಂದು ಟವೆಲ್ಲಿನೊಳಗೆ ಮಿಸುಕಿದ. ಈ ವಾರದಿಂದಲೇ ನಿನಗೆ ಈಜು ಕಲಿಸುತ್ತೇನೆ ಎಂದು ಹೇಳಬೇಕೆಂದಿದ್ದ. ಅವಳು ಬಿಡಲಿಲ್ಲ. ಅವನ ಭುಜದ ಮೇಲಿಂದ ಟಿವಿಯನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ, ವಾರ್ಡಿನ ರೋಗಿಗಳಿಗೆ ಹೇಳುವ ದನಿಯಲ್ಲೇ ಹೇಳಿದಳು:

"ಅಲ್ಲಾಡ್ಬೇಡಿ. ಸಾಹೇಬ್ರು ಇನ್ನೂ ನೀರಲ್ಲಿದ್ದಾರೆ."